ಬೀಗದ ಕೈ ಯಾರ ಕೈಗೆ?

ಹಿಂದೆ ನಿಂತಿರೋರು ಮುಂದೆ ಬನ್ನಿ, ಕುರ್ಚಿ ಖಾಲಿ ಇದೆ.

ಇವತ್ತಿನ ಮೆಸೇಜ್ ಒಂದು ಫೋನ್ ಕಾಲ್‌ನಿಂದ ಶುರುವಾಯ್ತು. ಹೋದ ತಿಂಗಳು ಒಂದು ಶನಿವಾರ ಬೆಳಗ್ಗೆ ಆರೂವರೆಗೆ ಅಮೆರಿಕದ ವರ್ಜೀನಿಯಾದಿಂದ ನನ್ನ ಚಿಕ್ಕಪ್ಪನ ಮಗ ಫೋನ್ ಮಾಡಿದ. ಹತ್ತು ವರ್ಷದವನಿದ್ದಾಗ ಅಪ್ಪ ಅಮ್ಮನ ಜೊತೆ ಬೆಂಗಳೂರಿನಿಂದ ಹೋದವನು, ಈಗ ಅಲ್ಲಿನ ಪ್ರಜೆ, ಸಾಫ್ಟ್‌ವೇರ್ ಎಂಜಿನಿಯರ್. ಅವನ ಅನುಮತಿ ಕೇಳಿಯೇ ಇದನ್ನು ಹೇಳ್ತಾ ಇದ್ದೀನಿ, ಹೆಸರು ಹೇಳಲ್ಲ. ಅಲ್ಲಿನ ರಕ್ಷಣಾ ಇಲಾಖೆಗೆ ಕೆಲಸ ಮಾಡಿಕೊಡೋ ಒಂದು ಕಂಪನಿಯಲ್ಲಿ ಅವನಿಗೆ ಕೆಲಸ ಸಿಕ್ಕಿತ್ತು. ಆದರೆ ಒಂದು ಷರತ್ತು. ಸರ್ಕಾರದಿಂದ ಸೆಕ್ಯುರಿಟಿ ಕ್ಲಿಯರೆನ್ಸ್ ಬರಬೇಕು. ಅಂದ್ರೆ ದೇಶದ ಗುಟ್ಟಿನ ಕಾಗದಗಳನ್ನು ಈ ಮನುಷ್ಯನ ಕೈಗೆ ಕೊಡಬಹುದು ಅನ್ನೋ ಒಪ್ಪಿಗೆ.

ಅದಕ್ಕೆ ಎಸ್‌ಎಫ್-86 ಅಂತ ಒಂದು ಫಾರಂ ತುಂಬಬೇಕು. ನೂರಕ್ಕೂ ಹೆಚ್ಚು ಪುಟ. ಎಲ್ಲಿ ವಾಸವಿದ್ದೆ, ಎಲ್ಲಿ ಓದಿದೆ, ಯಾವ ದೇಶಕ್ಕೆ ಹೋಗಿ ಬಂದೆ, ಎಲ್ಲಾ ಬರೀಬೇಕು. ಅದರ 26ನೇ ಭಾಗ ಹಣದ ವಿಷಯ. ಕಳೆದ ಏಳು ವರ್ಷದಲ್ಲಿ ನಿನ್ನ ಯಾವುದಾದರೂ ಸಾಲ ವಸೂಲಿ ಏಜೆನ್ಸಿಗೆ ಹೋಗಿದೆಯಾ? ದಿವಾಳಿ ಅರ್ಜಿ ಹಾಕಿದ್ದೀಯಾ? ಈಗ ಯಾವುದಾದರೂ ಸಾಲ 120 ದಿನಕ್ಕಿಂತ ಹೆಚ್ಚು ಬಾಕಿ ಇದೆಯಾ? ಹೌದು ಅಥವಾ ಇಲ್ಲ.

ನನ್ನ ತಮ್ಮನಿಗೆ ಎರಡು ಸಾಲ ಬಾಕಿ ಇತ್ತು. ಒಂದು ಆಸ್ಪತ್ರೆಯದು. ಹಳೇ ಕಂಪನಿಯಿಂದ ಅವನನ್ನು ತೆಗೆದುಹಾಕಿದ್ದರು, ಇನ್ಶೂರೆನ್ಸ್ ಹೋಗಿತ್ತು, ಅದೇ ಸಮಯಕ್ಕೆ ಅಪೆಂಡಿಕ್ಸ್ ಆಪರೇಷನ್ ಆಯ್ತು. ಇನ್ನೊಂದು ಕ್ರೆಡಿಟ್ ಕಾರ್ಡಿನದು, ಸುಮಾರು 6,000 ಡಾಲರ್. ಅದಕ್ಕೆ ಯಾವ ಕಷ್ಟದ ಕಥೆಯೂ ಇಲ್ಲ. ಹೊಸ ಫೋನು, ಗೆಳೆಯರ ಜೊತೆ ಟ್ರಿಪ್ಪು, ಶೂಸು. ಎರಡೂ ವಸೂಲಿ ಏಜೆನ್ಸಿಗೆ ಹೋಗಿದ್ದವು. ಗೊತ್ತಿಲ್ಲದ ನಂಬರ್ ಬಂದ್ರೆ ಫೋನ್ ಎತ್ತೋದನ್ನೇ ಬಿಟ್ಟಿದ್ದ.

ಅವನು ಕೇಳಿದ್ದು ಇದು: "ಅಣ್ಣ, ಆ ಪ್ರಶ್ನೆಗೆ 'ಇಲ್ಲ' ಅಂತ ಬರೀಲಾ? ಕೆಲಸ ಸಿಕ್ಕಿ ಸಂಬಳ ಬಂದ ಕೂಡ್ಲೇ ಎಲ್ಲಾ ತೀರಿಸಿಬಿಡ್ತೀನಿ. ಆಗ ಅದು ಸುಳ್ಳಾಗಲ್ಲ ಅಲ್ವಾ? ನಾವು ಸಭೇಲಿ ವಿಶ್ವಾಸದಿಂದ ಅರಿಕೆ ಮಾಡ್ತೀವಲ್ಲ, ನಾನು ಸಾಲದಿಂದ ಬಿಡುಗಡೆಯಾಗಿದ್ದೀನಿ ಅಂತ? ಹಾಗೇ ವಿಶ್ವಾಸದಿಂದ 'ಇಲ್ಲ' ಅಂತ ಬರೆದ್ರೆ?"

ಯಾರೋ ನಗ್ತಾ ಇದ್ದೀರಿ. ನನಗೆ ನಗು ಬರಲಿಲ್ಲ. ನಾನೇನು ಹೇಳಿದೆ ಗೊತ್ತಾ? "ಪ್ರಾರ್ಥನೆ ಮಾಡಿ ಹೇಳ್ತೀನಿ ಕಣೋ" ಅಂದೆ. ಇದಕ್ಕೆ ಪ್ರಾರ್ಥನೆ ಮಾಡಿ ತಿಳ್ಕೊಳ್ಳೋದೇನಿತ್ತು? ಉತ್ತರ ನನಗೆ ಗೊತ್ತಿತ್ತು. ಆದರೂ ಬಾಯಿಂದ ಬರಲಿಲ್ಲ. ಯಾಕೆ ಬರಲಿಲ್ಲ ಅನ್ನೋದನ್ನ ಆಮೇಲೆ ಹೇಳ್ತೀನಿ.

ಮೊದಲು ಒಂದು ಪ್ರಶ್ನೆ. ಸಾಲಕ್ಕೂ ದೇಶದ ಗುಟ್ಟಿಗೂ ಏನು ಸಂಬಂಧ? ಒಬ್ಬನಿಗೆ ಕೋಡ್ ಬರೆಯೋಕೆ ಬರುತ್ತಾ ಇಲ್ವಾ ಅಂತ ನೋಡಲಿ, ಅವನ ಕ್ರೆಡಿಟ್ ಕಾರ್ಡ್ ಇವರಿಗ್ಯಾಕೆ? ಬಡವ ಅಂದ್ರೆ ಮೋಸಗಾರ ಅಂತಾನಾ? ಇದು ನ್ಯಾಯವಾದ ಪ್ರಶ್ನೆ. ಸುಮ್ನೆ ದಾಟಿ ಹೋಗಬಾರದು.

ಅವರ ಭಯಕ್ಕೆ ಒಂದು ಚರಿತ್ರೆ ಇದೆ. ರೊನಾಲ್ಡ್ ಪೆಲ್ಟನ್ ಅಂತ ಒಬ್ಬನಿದ್ದ. ಅಮೆರಿಕದ ರಾಷ್ಟ್ರೀಯ ಭದ್ರತಾ ಏಜೆನ್ಸಿಯಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡಿದವನು. 1979ರಲ್ಲಿ ಹಣಕಾಸಿನಲ್ಲಿ ಪೂರ್ತಿ ಮುಳುಗಿ ದಿವಾಳಿ ಅರ್ಜಿ ಹಾಕಿದ, ಕೆಲಸ ಬಿಟ್ಟ. 1980ರ ಜನವರಿಯಲ್ಲಿ ವಾಷಿಂಗ್ಟನ್‌ನ ಸೋವಿಯತ್ ರಾಯಭಾರ ಕಚೇರಿಗೆ ತಾನೇ ಫೋನ್ ಮಾಡಿ ಒಳಗೆ ಹೋದ. ಕೈಯಲ್ಲಿ ಒಂದು ಕಾಗದ ಇರಲಿಲ್ಲ, ಎಲ್ಲಾ ತಲೆಯಲ್ಲಿತ್ತು. ಸಮುದ್ರದ ತಳದಲ್ಲಿದ್ದ ಸೋವಿಯತ್ ಕೇಬಲ್‌ನಿಂದ ಅಮೆರಿಕ ಗುಟ್ಟಾಗಿ ಮಾತು ಕದ್ದು ಕೇಳ್ತಿತ್ತಲ್ಲ, ಆ ಇಡೀ ಯೋಜನೆಯನ್ನು ಹೇಳಿಬಿಟ್ಟ. ಅವನಿಗೆ ಒಟ್ಟು ಸಿಕ್ಕಿದ್ದು ಸುಮಾರು 35,000 ಡಾಲರ್. 1985ರಲ್ಲಿ ಸಿಕ್ಕಿಬಿದ್ದ, 1986ರಲ್ಲಿ ಜೀವಾವಧಿ ಶಿಕ್ಷೆ ಆಯ್ತು.

ಇನ್ನೊಬ್ಬ ಆಲ್ಡ್ರಿಚ್ ಏಮ್ಸ್, ಸಿಐಎ ಅಧಿಕಾರಿ. ವಿಚ್ಛೇದನದ ಖರ್ಚು, ಸಾಲ, ಕೈ ಮೀರಿದ ಜೀವನ. 1985ರ ಏಪ್ರಿಲ್‌ನಲ್ಲಿ ಅವನೂ ಅದೇ ರಾಯಭಾರ ಕಚೇರಿಗೆ ಹೋದ. ಮೊದಲು ಸಿಕ್ಕಿದ್ದು 50,000 ಡಾಲರ್. ಅದರಿಂದ ಸಾಲ ತೀರಿಸಿ ನಿಲ್ಲಿಸಬಹುದಿತ್ತು ಅಲ್ವಾ? ನಿಲ್ಲಿಸಲಿಲ್ಲ. ಸಂಬಳ ವರ್ಷಕ್ಕೆ 70,000 ಡಾಲರ್ ಕೂಡ ಇಲ್ಲದವನು 5,40,000 ಡಾಲರ್ ಮನೆಯನ್ನು ನಗದು ಕೊಟ್ಟು ತಗೊಂಡ, ಜಾಗ್ವಾರ್ ಕಾರಲ್ಲಿ ಆಫೀಸಿಗೆ ಬಂದ. ಕೇಳಿದವರಿಗೆ, ಹೆಂಡತಿ ಮನೆಯವರು ಶ್ರೀಮಂತರು ಅಂತ ಸುಳ್ಳು ಹೇಳಿದ. ಒಂಬತ್ತು ವರ್ಷ ಆ ಸುಳ್ಳು ನಡೀತು. ಅವನು ಹೆಸರು ಕೊಟ್ಟವರಲ್ಲಿ ಕನಿಷ್ಠ ಹತ್ತು ಜನರನ್ನು ಸೋವಿಯತ್ ಸರ್ಕಾರ ಕೊಂದಿತು. 1994ರ ಫೆಬ್ರವರಿಯಲ್ಲಿ ಅವನನ್ನು ಹಿಡಿದರು.

ಹತ್ತು ಜನ, ಪ್ರಿಯರೇ. ಅವರಿಗೂ ಹೆಂಡತಿ ಮಕ್ಕಳಿದ್ದರು. ಏಮ್ಸ್ ಮೊದಲ ದಿನ ಆ ಬಾಗಿಲು ದಾಟಿದಾಗ ಅವನ ಮನಸ್ಸಲ್ಲಿದ್ದದ್ದು ಅವರನ್ನು ಕೊಲ್ಲಿಸಬೇಕು ಅಂತ ಅಲ್ಲ. ನನ್ನ ಸಾಲ ತೀರಬೇಕು ಅಂತ.

ಹಾಗಾದ್ರೆ ಸಾಲ ಇರೋರೆಲ್ಲ ದ್ರೋಹಿಗಳಾ? ಖಂಡಿತ ಅಲ್ಲ. ಸಾಲದಲ್ಲಿ ಬಿದ್ದ ಕೋಟಿ ಜನರಲ್ಲಿ ಯಾರೂ ಯಾರ ಗುಟ್ಟನ್ನೂ ಮಾರಲ್ಲ, ಮಕ್ಕಳ ಫೀಸಿಗೆ ಊಟ ಬಿಟ್ಟು ಕಂತು ಕಟ್ತಾರೆ. ಇದು ಅಲ್ಲಿನ ನಿಯಮ ಮಾಡಿದವರಿಗೂ ಗೊತ್ತು. 2017ರ ಜೂನ್ 8ರಿಂದ ಜಾರಿಯಲ್ಲಿರೋ ಅವರ ಮಾರ್ಗಸೂಚಿಯಲ್ಲಿ ಹದಿಮೂರು ವಿಷಯಗಳಿವೆ, ಎ ಇಂದ ಎಂ ತನಕ. ಅದರಲ್ಲಿ ಎಫ್ ಅನ್ನೋದು ಹಣಕಾಸು, ಇ ಅನ್ನೋದು ನಡತೆ, ಅಂದ್ರೆ ಮುಖ್ಯವಾಗಿ ಸತ್ಯ ಹೇಳೋದು. ಆ ಎಫ್ ಭಾಗದಲ್ಲೇ ರಿಯಾಯಿತಿಯ ಕಾರಣಗಳೂ ಇವೆ. ಕೆಲಸ ಹೋಯ್ತಾ? ಕಾಯಿಲೆ ಬಂತಾ? ಮನೆಯಲ್ಲಿ ಸಾವಾಯ್ತಾ, ವಿಚ್ಛೇದನ ಆಯ್ತಾ? ಯಾರಾದರೂ ನಿನಗೆ ಮೋಸ ಮಾಡಿದ್ರಾ? ಹಾಗಿದ್ರೆ ಅದು ನಿನ್ನ ಕೈ ಮೀರಿದ್ದು ಅಂತ ಪರಿಗಣಿಸ್ತಾರೆ. ಆದರೆ ಅದರ ಹಿಂದೆಯೇ ಇನ್ನೊಂದು ಪ್ರಶ್ನೆ ಬರುತ್ತೆ: ಅದಾದ ಮೇಲೆ ನೀನು ಜವಾಬ್ದಾರಿಯಿಂದ ನಡ್ಕೊಂಡೆಯಾ?

ನೋಡಿ, ಎಷ್ಟು ಸಾಲ ಇದೆ ಅನ್ನೋದಕ್ಕೇ ಅವರು ನಿಲ್ಲಲ್ಲ. ಸಾಲ ಹೇಗೆ ಬಂತು, ಬಂದ ಮೇಲೆ ನೀನೇನು ಮಾಡಿದೆ, ಕೇಳಿದಾಗ ನಿಜ ಹೇಳಿದೆಯಾ, ಈ ಮೂರನ್ನೂ ನೋಡ್ತಾರೆ.

ಕ್ಲಿಯರೆನ್ಸ್ ಕೊಡಲು ಅನುಮಾನ ಬಂದ್ರೆ ಕಾರಣ ಬರೆದು ಕಳಿಸ್ತಾರೆ. ಕಂಪನಿ ಉದ್ಯೋಗಿಗಳಾದ್ರೆ ಬರವಣಿಗೆಯಲ್ಲಿ ಉತ್ತರ ಕೊಟ್ಟು, ಬೇಕಾದ್ರೆ ನ್ಯಾಯಾಧೀಶರ ಮುಂದೆ ನಿಂತು ಮಾತಾಡಬಹುದು. ಆ ತೀರ್ಪುಗಳನ್ನು ಹೆಸರು ತೆಗೆದು ಪ್ರಕಟಿಸ್ತಾರೆ. ತಮ್ಮನ ಫೋನ್ ಬಂದ ಮೇಲೆ ನಾನು ಆ ತೀರ್ಪುಗಳ ಬಗ್ಗೆ ಓದಿದೆ. ಬೈಬಲ್ ಕಾಲೇಜಲ್ಲಿ ಡಿಪ್ಲೊಮಾ ಮಾಡಿದವನು ನಾನು, ವಕೀಲ ಅಲ್ಲ. ಆದರೂ ಓದ್ತಾ ಓದ್ತಾ ನನಗೇ ಯಾರೋ ಪ್ರಸಂಗ ಮಾಡಿದ ಹಾಗಾಯ್ತು.

ಅಲ್ಲಿ ಪದೇ ಪದೇ ಬರೋ ಕೆಲವು ಮಾತುಗಳಿವೆ. ಎಲ್ಲಾ ಸಾಲ ತೀರಿಸಿರಲೇಬೇಕು ಅಂತ ಇಲ್ಲ, ಆದರೆ ಒಂದು ನಿಜವಾದ ಯೋಜನೆ ಇರಬೇಕು, ಅದರಂತೆ ಕಟ್ಟುತ್ತಾ ಬಂದ ದಾಖಲೆ ಇರಬೇಕು. "ಮುಂದೆ ಕಟ್ತೀನಿ" ಅನ್ನೋ ಮಾತು ಕಟ್ಟಿದ್ದಕ್ಕೆ ಸಮ ಅಲ್ಲ. ಸಾಲ ಹಳೇದಾಗಿ ಕ್ರೆಡಿಟ್ ರಿಪೋರ್ಟಿನಿಂದ ಉದುರಿಹೋದ್ರೆ ಅದು ತೀರಿದ ಹಾಗಲ್ಲ. ಕಾನೂನಿನ ಅವಧಿ ಮುಗಿದು ಇನ್ನು ಯಾರೂ ಕೋರ್ಟಿಗೆ ಎಳೆಯೋಕಾಗಲ್ಲ ಅಂತ ಕಾಯ್ತಾ ಕೂತಿದ್ರೆ ಅದು ಒಳ್ಳೇ ಮನಸ್ಸಿನ ಪ್ರಯತ್ನ ಅನಿಸ್ಕೊಳ್ಳಲ್ಲ. ಸಿಕ್ಕಿಬಿದ್ದ ಮೇಲೆ ಓಡಿಹೋಗಿ ಕಟ್ಟಿದ್ದಕ್ಕೆ, ಯಾರೂ ಕೇಳೋ ಮುಂಚೆ ಕಟ್ಟಿದ್ದಕ್ಕಿರೋ ತೂಕ ಇರಲ್ಲ.

ಇದನ್ನೆಲ್ಲಾ ಒಂದು ಸರ್ಕಾರ ಹೇಳ್ತಾ ಇದೆ, ಸಭೆ ಅಲ್ಲ. ಎರಡನೇ ಅರಸುಗಳು ನಾಲ್ಕನೇ ಅಧ್ಯಾಯ ನೆನಪು ಮಾಡ್ಕೊಳ್ಳಿ. ಪ್ರವಾದಿ ಶಿಷ್ಯನೊಬ್ಬ ಸತ್ತುಹೋದ. ದೇವರಿಗೆ ಭಯಪಟ್ಟವನು ಅಂತ ಅವನ ಹೆಂಡತಿಯೇ ಸಾಕ್ಷಿ ಹೇಳ್ತಾಳೆ. ಆದರೂ ಸಾಲ ಬಿಟ್ಟು ಹೋಗಿದ್ದ, ಸಾಲಗಾರ ಇಬ್ಬರು ಮಕ್ಕಳನ್ನು ಗುಲಾಮರಾಗಿ ಎಳ್ಕೊಂಡು ಹೋಗೋಕೆ ಬಂದಿದ್ದ. ದೈವಭಕ್ತನ ಮನೆಯಲ್ಲೂ ಸಾಲ ಇರಬಹುದು. ಸಾಲ ಇದ್ದ ಮಾತ್ರಕ್ಕೆ ಅವನು ಪಾಪಿ ಅಂತ ಎಲೀಷ ಹೇಳಲಿಲ್ಲ. ಆದರೆ ಪವಾಡದ ಕೊನೇ ಭಾಗ ಏನು? ಪಾತ್ರೆಗಳೆಲ್ಲ ಎಣ್ಣೆಯಿಂದ ತುಂಬಿದವು, ಹಲ್ಲೆಲೂಯ ಹೇಳಿ ಮನೆಗೆ ಹೋಗಲಿಲ್ಲ. ಹೋಗು, ಎಣ್ಣೆ ಮಾರು, ಸಾಲ ತೀರಿಸು, ಉಳಿದದ್ದರಲ್ಲಿ ನೀನೂ ಮಕ್ಕಳೂ ಬದುಕಿ ಅನ್ನೋದು ಪ್ರವಾದಿಯ ಮಾತಿನ ಸಾರ. ದೇವರು ಸಾಲಗಾರನ ಪುಸ್ತಕದಿಂದ ಹೆಸರು ಅಳಿಸಲಿಲ್ಲ. ಕಟ್ಟೋಕೆ ಎಣ್ಣೆ ಕೊಟ್ಟರು. ಮೊದಲು ಸಾಲ, ಆಮೇಲೆ ಊಟ. ನಾವು ಸಾಲ ರದ್ದಾಗಲಿ ಅಂತ ಉಪವಾಸ ಪ್ರಾರ್ಥನೆ ಇಡ್ತೀವಿ. ಸಾಲ ಕೊಟ್ಟವನ ಫೋನ್ ಎತ್ತೋಕೆ ಧೈರ್ಯ ಕೊಡು ಅಂತ ಎಷ್ಟು ಜನ ಪ್ರಾರ್ಥನೆ ಮಾಡಿದ್ದೀವಿ?

ಈಗ ಸುಳ್ಳಿನ ವಿಷಯಕ್ಕೆ ಬರೋಣ. ತಮ್ಮ ಕೇಳಿದ್ದು ಅದನ್ನೇ ಅಲ್ವಾ? ನಾಳೆ ನಿಜ ಆಗೋ ಸುಳ್ಳು ಇವತ್ತು ಸುಳ್ಳಾ?

ಆ ಫಾರಂನಲ್ಲಿ ಗೊತ್ತಿದ್ದೂ ಸುಳ್ಳು ಬರೆದರೆ ಅಲ್ಲಿನ ಕಾನೂನಿನಲ್ಲಿ ಅದು ಅಪರಾಧ, ಐದು ವರ್ಷದವರೆಗೆ ಜೈಲು ಆಗಬಹುದು. ಅದಕ್ಕಿಂತ ಮುಂಚೆ ಇನ್ನೊಂದು ಮಾತು. ಫಾರಂ ಕೊಡುವಾಗಲೇ ಅವನು ತನ್ನ ಕ್ರೆಡಿಟ್ ರಿಪೋರ್ಟ್ ನೋಡೋಕೆ ಒಪ್ಪಿಗೆ ಸಹಿ ಹಾಕ್ತಾನೆ. ಸಾಲ ಅವರಿಗೆ ಹೇಗೂ ಕಾಣುತ್ತೆ. ಹಾಗಾದ್ರೆ ಯಾಕೆ ಕೇಳ್ತಾರೆ? ನಿನ್ನ ಸಾಲ ತಿಳ್ಕೊಳ್ಳೋಕಿಂತ ನಿನ್ನನ್ನು ತಿಳ್ಕೊಳ್ಳೋಕೆ ಕೇಳ್ತಾರೆ ಅಂತ ನನಗನಿಸುತ್ತೆ. ಏದೆನ್ ತೋಟದಲ್ಲಿ ದೇವರು ಆದಾಮನನ್ನು ಎಲ್ಲಿದ್ದೀಯ ಅಂತ ಕೇಳಿದ್ದು ಅವನೆಲ್ಲಿದ್ದಾನೆ ಅಂತ ಗೊತ್ತಿಲ್ಲದೆಯಾ?

ಹೀಗೆ ಯೋಚನೆ ಮಾಡಿ. ಆಸ್ಪತ್ರೆ ಸಾಲಕ್ಕೆ ಕಾರಣ ಇತ್ತು, ರಿಯಾಯಿತಿ ಸಿಗಬಹುದಿತ್ತು. ಕಾರ್ಡಿನ ಸಾಲಕ್ಕೆ ಕಾರಣ ಇಲ್ಲದಿದ್ರೂ, ತಪ್ಪು ಒಪ್ಪಿ ಕಂತು ಶುರು ಮಾಡಿದ್ರೆ ದಾರಿ ಇತ್ತು. 'ಇಲ್ಲ' ಅಂತ ಬರೆದ ಕ್ಷಣದಲ್ಲಿ ಏನಾಗುತ್ತೆ? ಹಣದ ಸಮಸ್ಯೆ ನಡತೆಯ ಸಮಸ್ಯೆ ಆಗುತ್ತೆ. ಎಫ್‌ನಲ್ಲಿದ್ದದ್ದು ಇ ಗೆ ಬರುತ್ತೆ. ಸಾಲವನ್ನು ಡಾಲರ್ ಕೊಟ್ಟು ತೀರಿಸಬಹುದು. ಸುಳ್ಳನ್ನು ಯಾವ ನೋಟು ಕೊಟ್ಟು ತೀರಿಸ್ತೀರಿ? ಅಲ್ಲೂ ಒಂದು ಬಾಗಿಲಿದೆ: ಇನ್ನೊಬ್ಬರು ಹಿಡಿದು ಮುಂದಿಡೋ ಮುಂಚೆ ತಾನೇ ಬೇಗ ಹೋಗಿ ಸರಿ ಮಾಡಿದ್ರೆ ಅದನ್ನು ಗಣನೆಗೆ ತಗೋತಾರೆ. ತಡ ಮಾಡಿದಷ್ಟೂ ಆ ಬಾಗಿಲು ಮುಚ್ಚುತ್ತಾ ಬರುತ್ತೆ.

ಮತ್ತೊಂದು ವಿಷಯ. ಮುಚ್ಚಿಟ್ಟ ಸಂಗತಿ ನಿಮ್ಮ ಮೂಗಿನ ದಾರ. ಅದರ ತುದಿ ಯಾರ ಕೈಗೆ ಸಿಗುತ್ತೋ ಅವರು ಎಳೆದ ಕಡೆ ನೀವು ಹೋಗಬೇಕು. "ನಿನ್ನ ವಿಷಯ ಹೇಳಿಬಿಡ್ತೀನಿ" ಅಂತ ಹೆದರಿಸೋನಿಗೆ ಬೇಕಾಗಿರೋದು ನಿಮ್ಮ ಸಾಲ ಅಲ್ಲ, ನಿಮ್ಮ ಗುಟ್ಟು. ಎಲ್ಲರಿಗೂ ಗೊತ್ತಿರೋ ಸಾಲಕ್ಕೆ ಯಾರೂ ಹೆದರಿಸೋಕಾಗಲ್ಲ. ಬೆಳಕಿಗೆ ತಂದ ದಿನ ಆ ದಾರ ಕತ್ತರಿಸಿ ಹೋಗುತ್ತೆ.

ವಿಶ್ವಾಸದ ಅರಿಕೆ ವಿಷಯ ಹೇಳ್ತೀನಿ, ಯಾಕಂದ್ರೆ ನಮ್ಮ ಸಭೆಗಳಲ್ಲಿ ಇದನ್ನು ತಪ್ಪಾಗಿ ಕಲಿಸಿದ್ದೀವಿ. ನಾನೂ ಕಲಿಸಿದ್ದೀನಿ. ದೇವರು ನನ್ನನ್ನು ಬಿಡಿಸ್ತಾರೆ ಅಂತ ದೇವರ ಮುಂದೆ ಹೇಳೋದು ವಿಶ್ವಾಸ. ನನಗೆ ಸಾಲವೇ ಇಲ್ಲ ಅಂತ ಮನುಷ್ಯನ ಮುಂದೆ ಸಹಿ ಹಾಕೋದು ಸುಳ್ಳು. ಮೊದಲನೇದು ದೇವರನ್ನು ನೆಚ್ಚಿಕೊಳ್ಳುತ್ತೆ. ಎರಡನೇದು, ನಿಜ ಹೇಳಿದ್ರೆ ದೇವರು ಕಾಪಾಡಲ್ಲ ಅನ್ನೋ ಅವಿಶ್ವಾಸದಿಂದ ಬರುತ್ತೆ. ಎಲೀಷನ ಸೇವಕ ಗೇಹಜಿ ನಾಮಾನನ ಹಿಂದೆ ಓಡಿಹೋಗಿ ಬೆಳ್ಳಿ, ಬಟ್ಟೆ ತಗೊಂಡು ಬಂದ. ಎಲ್ಲಿಗೆ ಹೋಗಿದ್ದೆ ಅಂತ ಯಜಮಾನ ಕೇಳಿದಾಗ ಎಲ್ಲಿಗೂ ಹೋಗಿಲ್ಲ ಅಂದ. ಬೆಳ್ಳಿಯನ್ನು ಹಿಂದಕ್ಕೆ ಕೊಟ್ಟು ಬರಬಹುದಿತ್ತು. ಆ ಮಾತನ್ನು ಹಿಂದಕ್ಕೆ ತಗೊಳ್ಳೋಕಾಗಲಿಲ್ಲ.

ಈಗ ನಾನು ಯಾಕೆ ಫೋನಲ್ಲಿ ತಡವರಿಸಿದೆ ಅಂತ ಹೇಳ್ತೀನಿ. ನಮ್ಮ ಮನೆಯವರು ಇಲ್ಲೇ ಕೂತಿದ್ದಾರೆ, ಅವರಿಗೆ ಎಲ್ಲಾ ಗೊತ್ತು.

ಬೈಬಲ್ ಕಾಲೇಜಿಗೆ ಹೋಗೋ ಮುಂಚೆ ನಾನು ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದೆ. ಅದಕ್ಕೆ ನಮ್ಮ ಏರಿಯಾದ ಹಾರ್ಡ್‌ವೇರ್ ಅಂಗಡಿ ಯಜಮಾನ್ರ ಹತ್ರ 80,000 ರೂಪಾಯಿ ಕೈಸಾಲ ತಗೊಂಡಿದ್ದೆ. ಪತ್ರ ಇಲ್ಲ, ಸಾಕ್ಷಿ ಇಲ್ಲ, ಒಂದು ನೋಟ್‌ಬುಕ್ಕಲ್ಲಿ ಬರ್ಕೊಂಡ್ರು ಅಷ್ಟೇ. ಅಂಗಡಿ ನಡೀಲಿಲ್ಲ. ಅದೇ ಸಮಯಕ್ಕೆ ಸೇವೆಗೆ ಕರೆ ಬಂತು. ಕರೆ ನಿಜ, ಅದರಲ್ಲಿ ನನಗೆ ಇವತ್ತೂ ಸಂಶಯ ಇಲ್ಲ. ಆದರೆ ಆ ಕರೆಯನ್ನೇ ನಾನು ಸಾಲಕ್ಕೆ ಪರದೆ ಮಾಡ್ಕೊಂಡೆ. "ನಾನೀಗ ದೇವರ ಸೇವಕ, ದೇವರೇ ನೋಡ್ಕೋತಾರೆ" ಅಂತ. ಯಜಮಾನ್ರಿಗೆ ಒಂದು ಮಾತೂ ಹೇಳದೆ ಹಾಸ್ಟೆಲ್ ಸೇರಿದೆ.

ಮದುವೆ ಮಾತುಕತೆ ನಡೆದಾಗ ನಮ್ಮ ಮಾವ ಕೇಳಿದ್ರು, "ಸಾಲ ಗೀಲ ಏನಾದ್ರೂ ಇದೆಯೇನಪ್ಪಾ?" ನಾನಂದೆ, "ಇಲ್ಲ ಅಂಕಲ್, ದೇವರ ಕೃಪೆ." ಸುಳ್ಳಿಗೆ ದೇವರ ಕೃಪೆಯನ್ನು ಸಾಕ್ಷಿ ಹಾಕಿದೆ. ಬೇಗ ತೀರಿಸ್ತೀನಲ್ಲ, ಆಮೇಲೆ ಅದು ಸುಳ್ಳಾಗಲ್ಲ ಅಂತ ನನಗೂ ಅನಿಸಿತ್ತು. ತಮ್ಮ ಕೇಳಿದ್ದು ನನ್ನದೇ ಹಳೇ ವಾದ.

ಎರಡು ವರ್ಷ ಆ ಹಾರ್ಡ್‌ವೇರ್ ಅಂಗಡಿ ರಸ್ತೆ ಬಿಟ್ಟು ಸುತ್ತು ಹಾಕಿ ಓಡಾಡಿದೆ. ಮನೆಯಲ್ಲಿ ನಲ್ಲಿ ಸೋರಿದ್ರೆ ವಾಷರ್ ತರೋಕೆ ಒಂದೂವರೆ ಕಿಲೋಮೀಟರ್ ಆಚೆ ಹೋಗ್ತಿದ್ದೆ. ಆಮೇಲೆ ಒಂದು ಕ್ರಿಸ್‌ಮಸ್ ಕಾರ್ಯಕ್ರಮದಲ್ಲಿ ಸಂದೇಶ ಕೊಡೋಕೆ ನಿಂತಿದ್ದೀನಿ, ಕೊನೇ ಸಾಲಲ್ಲಿ ಆ ಯಜಮಾನ್ರು ಕೂತಿದ್ದಾರೆ. ನಮ್ಮ ಸಭೆಯವರೊಬ್ಬರು ಕರ್ಕೊಂಡು ಬಂದಿದ್ರು. ಅವರು ವಿಶ್ವಾಸಿಯಲ್ಲ. ಬಾಯಿ ಒಣಗಿ ಹೋಯ್ತು. ಬೆಳಕು ಕತ್ತಲಲ್ಲಿ ಬಂತು ಅಂತ ಹೇಳಬೇಕು, ನನಗೆ ಅವರ ನೋಟ್‌ಬುಕ್ಕೇ ಕಾಣ್ತಿದೆ. ಹದಿನೈದು ನಿಮಿಷಕ್ಕೆ ಸಂದೇಶ ಮುಗಿಸಿಬಿಟ್ಟೆ. ಅವರು ಏನೂ ಹೇಳಲಿಲ್ಲ. ಕೇಕ್ ತಿಂದು, ನನಗೆ ಕೈ ಮುಗಿದು ಹೋದ್ರು.

ಆ ರಾತ್ರಿ ಮನೆಯವರಿಗೆ ಹೇಳಿದೆ. ಅವರು ತುಂಬಾ ಹೊತ್ತು ಸುಮ್ಮನಿದ್ದು ಹೇಳಿದ್ದು ಒಂದೇ ಮಾತು: "ಎಂಭತ್ತು ಸಾವಿರ ಅಲ್ಲ ರೀ, ಎರಡು ವರ್ಷ."

ಮಾರನೇ ದಿನ ಅಂಗಡಿಗೆ ಹೋದೆ. ಯಜಮಾನ್ರು ನೋಟ್‌ಬುಕ್ ತೆಗೆದ್ರು. "ದುಡ್ಡು ಮರೆತುಬಿಟ್ಟಿದ್ದೆ ಪಾಸ್ಟ್ರೇ. ನೀವು ನನ್ನ ನೋಡಿದ್ರೆ ಆ ಕಡೆ ತಿರುಗ್ತೀರಲ್ಲ, ಅದು ಮರೆತಿರಲಿಲ್ಲ" ಅಂದ್ರು. ಬಡ್ಡಿ ಬೇಡ, ತಿಂಗಳು ತಪ್ಪಿಸಬೇಡಿ ಅಂದ್ರು. ತಿಂಗಳಿಗೆ 4,000, ಇಪ್ಪತ್ತು ತಿಂಗಳು. ಮಾವನ ಹತ್ರನೂ ಹೋಗಿ ತಪ್ಪು ಒಪ್ಪಿಕೊಂಡೆ. ಅವರು ಕ್ಷಮಿಸಿದ್ರು. ಆದರೆ ನಿಜ ಹೇಳ್ತೀನಿ, ಅದಾದ ಮೇಲೆ ಒಂದು ವರ್ಷ ನಾನು ಏನು ಹೇಳಿದ್ರೂ ಅವರು ಒಂದು ಸಲ ಮಗಳ ಮುಖ ನೋಡೋರು. ನನಗೆ ನೋವಾಗ್ತಿತ್ತು. ಆದರೆ ಅದನ್ನು ಸಂಪಾದಿಸಿದ್ದು ನಾನೇ.

ಪ್ರಿಯರೇ, ನಮ್ಮ ಕನ್ನಡದಲ್ಲಿ 'ನಂಬಿಕೆ' ಅಂತ ಒಂದೇ ಮಾತಿದೆ. ನಾನು ದೇವರನ್ನು ನಂಬೋದೂ ನಂಬಿಕೆ, ಇನ್ನೊಬ್ಬರು ನನ್ನನ್ನು ನಂಬೋದೂ ನಂಬಿಕೆ. ನಾವು ಮೊದಲನೇದರ ಬಗ್ಗೆ ಭಾನುವಾರ ಎರಡು ಗಂಟೆ ಹಾಡ್ತೀವಿ. ಎರಡನೇದರ ಬಗ್ಗೆ ಸೋಮವಾರ ಯೋಚನೆನೇ ಮಾಡಲ್ಲ. ಕ್ಷಮೆ ಒಂದು ಕ್ಷಣದಲ್ಲಿ ಸಿಗಬಹುದು, ಅದು ಉಚಿತ, ಅದಕ್ಕೆ ಕ್ರಿಸ್ತನು ಬೆಲೆ ಕೊಟ್ಟಿದ್ದಾನೆ. ಆದರೆ ನಂಬಿಗಸ್ತ ಅನ್ನೋ ಹೆಸರು ಹಾಗೆ ಒಂದು ರಾತ್ರಿಯಲ್ಲಿ ಬರಲ್ಲ. ಅದು ಇಪ್ಪತ್ತು ತಿಂಗಳ ಕಂತಿನ ಹಾಗೆ. ಕ್ಷಮಿಸಿದವರು ಕೂಡಲೇ ಬೀಗದ ಕೈ ಕೊಡಲಿಲ್ಲ ಅಂತ ಕೋಪ ಮಾಡ್ಕೋಬೇಡಿ. ಅಮೆರಿಕದ ಆ ನಿಯಮದಲ್ಲೂ ಕೊನೆಗೆ ಸಂಶಯ ಉಳಿದ್ರೆ ಅದನ್ನು ದೇಶದ ಭದ್ರತೆಯ ಪರವಾಗಿ ತೀರ್ಮಾನಿಸ್ತಾರೆ, ಅರ್ಜಿದಾರನ ಪರವಾಗಿ ಅಲ್ಲ. ಕಠಿಣ ಅನಿಸುತ್ತೆ. ಆದರೆ ಆ ಬೀಗದ ಹಿಂದೆ ಏಮ್ಸ್ ಬಲಿಕೊಟ್ಟ ಹತ್ತು ಜನರಂಥವರ ಜೀವ ಇರುತ್ತೆ. ನಿಮ್ಮ ಮಗುವನ್ನು ನೋಡಿಕೊಳ್ಳೋಕೆ ಯಾರನ್ನಾದ್ರೂ ಇಡುವಾಗ ನೀವೂ ಹಾಗೇ ಮಾಡ್ತೀರಿ.

"ಪಾಸ್ಟರ್, ನಾವು ಬೆಂಗಳೂರಲ್ಲಿದ್ದೀವಿ, ನಮಗ್ಯಾವ ಕ್ಲಿಯರೆನ್ಸು?" ಅಂತೀರಾ? ಸರ್ಕಾರಿ ಬ್ಯಾಂಕುಗಳ ನೇಮಕಾತಿ ಪ್ರಕಟಣೆ ಪೂರ್ತಿ ಓದಿ ನೋಡಿ, ಸಾಲದ ದಾಖಲೆ ಸರಿ ಇರಬೇಕು ಅಂತ ಬರೆದಿರ್ತಾರೆ. ಪೊಲೀಸ್ ವೆರಿಫಿಕೇಷನ್ ಫಾರಂನಲ್ಲಿ ಕೇಸು ಮುಚ್ಚಿಟ್ಟವರ ವಿಷಯ ನಮ್ಮ ಸುಪ್ರೀಂ ಕೋರ್ಟಿಗೂ ಹೋಗಿತ್ತು. 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಕೋರ್ಟು, ಕೊಡೋ ಮಾಹಿತಿ ನಿಜವಾಗಿರಬೇಕು, ಮುಚ್ಚಿಡಬಾರದು ಅಂತ ಹೇಳಿತು. ಸಣ್ಣ ವಿಷಯ ಆಗಿದ್ರೆ ಉದ್ಯೋಗ ಕೊಡೋರು ಅದನ್ನು ಕ್ಷಮಿಸೋ ಅವಕಾಶವನ್ನೂ ಉಳಿಸಿತು. ಅಲ್ಲಿಯ ಮಾತೇ ಇಲ್ಲೂ. ಎಕ್ಸ್‌ಪೀರಿಯೆನ್ಸ್ ಲೆಟರ್ ದುಡ್ಡು ಕೊಟ್ಟು ಮಾಡಿಸ್ಕೊಂಡು, ಆ ಕೆಲಸಕ್ಕೆ ಸಾಕ್ಷಿ ಹೇಳಿ ಸ್ತೋತ್ರ ಸಲ್ಲಿಸಿದವರು ನಮ್ಮಲ್ಲಿಲ್ವಾ? ನಾನು ಯಾರ ಮುಖನೂ ನೋಡ್ತಾ ಇಲ್ಲ.

ಒಂದು ಮಾತು ಸೇರಿಸ್ಲೇಬೇಕು. ಲೋನ್ ಆಪ್‌ಗಳಲ್ಲಿ ಸಿಕ್ಕಿಹಾಕ್ಕೊಂಡು, ಫೋಟೋ ತಿರುಚಿ ಮನೆಯವರಿಗೆಲ್ಲ ಕಳಿಸ್ತೀವಿ ಅಂತ ಹೆದರಿಸ್ತಿದ್ರೆ, ಅದು ನಿಮ್ಮ ಮೇಲೆ ನಡೀತಿರೋ ಅಪರಾಧ. ನಾಚಿಕೆ ಪಟ್ಟು ಒಬ್ಬರೇ ಕೂರಬೇಡಿ. 1930ಕ್ಕೆ ಫೋನ್ ಮಾಡಿ, ಪೊಲೀಸ್ ಸ್ಟೇಷನ್ನಿಗೆ ಹೋಗಿ, ಬೇಕಾದ್ರೆ ನಾನು ಜೊತೆಗೆ ಬರ್ತೀನಿ. ರಾತ್ರಿ ಎರಡು ಗಂಟೆಗೆ ಫೋನ್ ಮಾಡಿದ್ರೂ ಎತ್ತುತ್ತೀನಿ. ಎಷ್ಟು ಸಾಲ ಇದ್ರೂ ನಿಮ್ಮ ಜೀವದ ಬೆಲೆ ಅದಕ್ಕಿಂತ ದೊಡ್ಡದು.

ತಮ್ಮನಿಗೆ ಮಾರನೇ ದಿನ ನಾನೇ ಫೋನ್ ಮಾಡಿದೆ. ಮೊದಲು ನನ್ನ ಹಾರ್ಡ್‌ವೇರ್ ಅಂಗಡಿ ಕಥೆ ಹೇಳಿದೆ. ಅವನಿಗೆ ಗೊತ್ತಿರಲಿಲ್ಲ. ಆಮೇಲೆ ಹೇಳಿದೆ: "'ಹೌದು' ಅಂತ ಬರಿ. ಎರಡೂ ಸಾಲ ಬರಿ. ಆಸ್ಪತ್ರೆದಕ್ಕೆ ಕಾರಣ ಬರಿ. ಕಾರ್ಡಿನದಕ್ಕೆ ಕಾರಣ ಹುಡುಕಬೇಡ, ನನ್ನ ತಪ್ಪು ಅಂತ ಬರಿ. ಫಾರಂ ಕಳಿಸೋ ಮುಂಚೆ ಇಬ್ಬರಿಗೂ ಫೋನ್ ಮಾಡಿ ಕಂತು ಮಾತಾಡು, ರಸೀದಿ ಇಟ್ಕೋ."

ಅವನು ಕೇಳಿದ, "ಅಣ್ಣ, ಈಗ ಕೆಲಸಕ್ಕೋಸ್ಕರ ಕಟ್ಟಿದ್ರೆ ಅದು ಒಳ್ಳೆತನ ಆಗುತ್ತಾ?" ಒಳ್ಳೇ ಪ್ರಶ್ನೆ. ಜಕ್ಕಾಯನನ್ನು ನೋಡಿ. ಅವನ ಲೆಕ್ಕ ಕೇಳೋಕೆ ಯಾರೂ ಬಂದಿರಲಿಲ್ಲ. ಯೇಸು ಊಟಕ್ಕೆ ಬಂದಿದ್ದ ಅಷ್ಟೇ. ಅನ್ಯಾಯವಾಗಿ ತಗೊಂಡಿದ್ರೆ ನಾಲ್ಕರಷ್ಟು ಹಿಂದಕ್ಕೆ ಕೊಡ್ತೀನಿ ಅಂತ ತಾನೇ ಎದ್ದು ನಿಂತು ಹೇಳಿದ. ನಾನು ತಮ್ಮನಿಗೆ ಹೇಳಿದೆ, "ಈಗ ಕೆಲಸಕ್ಕೋಸ್ಕರನೇ ಶುರು ಮಾಡ್ತಿದ್ದೀಯ, ಒಪ್ಕೋ. ಕೆಲಸ ಸಿಗದೇ ಹೋದ್ರೂ ಕಂತು ನಿಲ್ಲಿಸ್ಬೇಡ. ಆಗ ಗೊತ್ತಾಗುತ್ತೆ ಅದು ಯಾರಿಗೋಸ್ಕರ ಅಂತ."

ಹದಿನೈದು ದಿನದ ಹಿಂದೆ ಮೆಸೇಜ್ ಬಂತು. "ಬರೆದೆ ಅಣ್ಣ. ಎರಡೂ." ಅಷ್ಟೇ. ಕ್ಲಿಯರೆನ್ಸ್ ಇನ್ನೂ ಬಂದಿಲ್ಲ. ಬರುತ್ತೆ ಅಂತ ನಾನು ಇಲ್ಲಿ ಪ್ರವಾದನೆ ಹೇಳಲ್ಲ. ಬರದೇನೂ ಇರಬಹುದು. ಆದರೆ ಅವರಮ್ಮ ಹೇಳಿದ್ರು, ಅವನೀಗ ಗೊತ್ತಿಲ್ಲದ ನಂಬರ್ ಬಂದ್ರೂ ಫೋನ್ ಎತ್ತುತ್ತಾನಂತೆ.

ಇವತ್ತು ಮನೆಗೆ ಹೋಗಿ ಒಂದು ಹಾಳೆ ತಗೊಳ್ಳಿ. ಯಾರಿಗೆ ಎಷ್ಟು ಕೊಡಬೇಕು, ಬರೀರಿ. ಬ್ಯಾಂಕಿನದು ಮಾತ್ರ ಅಲ್ಲ, ರೂಮ್‌ಮೇಟ್ ಹತ್ರ ತಗೊಂಡ ಎರಡು ಸಾವಿರ, ಅಕ್ಕನ ಚೀಟಿ ದುಡ್ಡು, ಎಲ್ಲಾ. ಪಕ್ಕದಲ್ಲಿ, ಈ ಸಾಲ ಯಾರಿಂದ ಮುಚ್ಚಿಟ್ಟಿದ್ದೀನಿ ಅಂತ ಬರೀರಿ. ನಾಳೆ ಒಬ್ಬರಿಗೆ, ಒಬ್ಬರಿಗೆ ಮಾತ್ರ, ಫೋನ್ ಮಾಡಿ. ದುಡ್ಡು ಇಲ್ಲದಿದ್ರೂ ಮಾಡಿ. "ನಾನು ಮರೆತಿಲ್ಲ, ತಿಂಗಳಿಗೆ ಇಷ್ಟು ಕೊಡ್ತೀನಿ" ಅಂತ ಹೇಳಿ. ಹೇಳಿದಷ್ಟನ್ನು ಕೊಡಿ.

ಎಲ್ಲರೂ ಎದ್ದು ನಿಲ್ಲೋಣ, ಕಣ್ಣು ಮುಚ್ಚೋಣ.

ಕರ್ತನೇ, ನೀನು ನಮ್ಮ ದೊಡ್ಡ ಸಾಲವನ್ನು ತೀರಿಸಿದೆ, ಸ್ತೋತ್ರ. ನಮ್ಮ ಸಣ್ಣ ಸಾಲಗಳನ್ನು ತೀರಿಸೋಕೆ ನಮಗೆ ಪ್ರಾಮಾಣಿಕತೆ ಕೊಡು. ಮುಚ್ಚಿಟ್ಟದ್ದನ್ನು ತೆರೆಯೋಕೆ ಧೈರ್ಯ ಕೊಡು. ನಮಗೆ ಸಾಲ ಕೊಟ್ಟು ಸುಮ್ಮನೆ ಕಾಯ್ತಾ ಇರೋರನ್ನು ಆಶೀರ್ವದಿಸು. ಇನ್ನೊಬ್ಬರು ತಮ್ಮ ಮನೆಯ ಬೀಗದ ಕೈಯನ್ನು ಹೆದರದೆ ಕೊಡಬಹುದಾದ ಮನುಷ್ಯರನ್ನಾಗಿ ನಮ್ಮನ್ನು ಮಾಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.